ಸ್ನೋಮೊಬೈಲ್‌ನ ಹಿಂದಿನ ಶಾಕ್ ಬಿಚ್ಚಿ ರಿಪೇರಿ ಮಾಡಿದ ಅನುಭವ

ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲ್‌ನ ಹಿಂದಿನ ಶಾಕ್ (ಗುದ್ದು ನುಂಗುವ ಶಾಕ್ ಅಬ್ಸಾರ್ಬರ್) ಹೋದರೆ ಅದು ಮೊದಲು ಗೊತ್ತಾಗುವುದು ಸೊಂಟಕ್ಕೆ. ಎಂಜಿನ್ ಸದ್ದು ಚೆನ್ನಾಗಿಯೇ ಇರುತ್ತದೆ. ಗಾಡಿ ಎಳೆಯುತ್ತದೆ, ಬ್ರೇಕ್ ಹಿಡಿಯುತ್ತದೆ. ಆದರೆ ದಾರಿಯಲ್ಲಿ ಸಣ್ಣ ದಿಬ್ಬ ಸಿಕ್ಕರೂ ಸೀಟು ಕೆಳಗಿನಿಂದ ಗುದ್ದುತ್ತದೆ. ಗುದ್ದಿ ಸುಮ್ಮನಾಗುವುದಿಲ್ಲ, ಮತ್ತೆ ಮೇಲಕ್ಕೆ ಎತ್ತಿ ಎಸೆಯುತ್ತದೆ. ಕಳೆದ ಚಳಿಗಾಲದಲ್ಲಿ ನನ್ನ ಗಾಡಿಗೆ ಹೀಗೇ ಆಯಿತು. ಹೊಸ ಶಾಕ್ ತಂದು ಹಾಕು, ಮುಗಿಯಿತು ಎಂದು ಸುಮಾರು ಜನ ಹೇಳಿದರು. ಬಿಚ್ಚಿ ನೋಡಿದಾಗ ವಿಷಯ ಬೇರೆಯೇ ಇತ್ತು. ಹಿಮದ ಊರುಗಳಲ್ಲಿ ನೆಲೆಸಿರುವ ಕನ್ನಡದವರು ಯಾರಾದರೂ ಹಳೆಯ ಗಾಡಿ ಕೊಂಡಿದ್ದರೆ ಅವರಿಗೆ ಉಪಯೋಗಕ್ಕೆ ಬರಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಹೋಟನ್‌ನಲ್ಲಿ. ಲೇಕ್ ಸುಪೀರಿಯರ್ ಒಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪದ ಊರು. ತಣ್ಣನೆಯ ಗಾಳಿ ಸರೋವರದ ಮೇಲೆ ಹಾದು ಬರುವಾಗ ತೇವ ಹೊತ್ತು ತರುತ್ತದೆ, ದಡ ಹತ್ತಿದ ಕೂಡಲೇ ಹಿಮವಾಗಿ ಸುರಿಯುತ್ತದೆ. ಯು.ಎಸ್. 41 ಹೆದ್ದಾರಿ ಪಕ್ಕದಲ್ಲಿ ಹಿಮದ ಅಳತೆ ತೋರಿಸುವ ದೊಡ್ಡ ಕಂಬ ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ ಬಿದ್ದ 390.4 ಇಂಚು ಅದರಲ್ಲಿರುವ ದಾಖಲೆ. ಅಂದರೆ ಮೂವತ್ತೆರಡು ಅಡಿಗೂ ಜಾಸ್ತಿ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಸ್ನೋಮೊಬೈಲ್ ಓಡಿಸುವ ದಾರಿಗಳು, ಅಂದರೆ ಟ್ರೇಲ್‌ಗಳು, ತೆರೆದಿರುತ್ತವೆ. ಹೋಟನ್ ಮತ್ತು ಆಚೆ ದಡದ ಹ್ಯಾನ್‌ಕಾಕ್ ಊರಿನ ನಡುವಿನ ಲಿಫ್ಟ್ ಬ್ರಿಜ್‌ಗೆ (ಹಡಗು ಹೋಗಲು ನಡುಭಾಗ ಮೇಲಕ್ಕೆ ಏಳುವ ಸೇತುವೆ) ಎರಡು ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಹಿಂದೆ ರೈಲು ಓಡುತ್ತಿತ್ತು. ಈಗ ಚಳಿಗಾಲದಲ್ಲಿ ಅಲ್ಲಿ ಸ್ನೋಮೊಬೈಲ್‌ಗಳು ಓಡುತ್ತವೆ. ಇಂಥ ಊರಿನಲ್ಲಿ ಗಾಡಿ ಕೆಟ್ಟು ಕೂತರೆ ಚಳಿಗಾಲವೇ ಅರ್ಧ ಹೋದಂತೆ.

ಈ ಗಾಡಿ ನೋಡಿರದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಇದಕ್ಕೆ ಚಕ್ರಗಳ ಮೇಲೆ ಓಡುವ ಕೆಲಸವಿಲ್ಲ. ಮುಂದೆ ಎರಡು ಸ್ಕೀ, ಹ್ಯಾಂಡಲ್ ತಿರುಗಿಸಿದರೆ ಅವು ತಿರುಗುತ್ತವೆ. ಹಿಂದೆ ಸೀಟಿನ ಕೆಳಗೆ ಅಗಲವಾದ ರಬ್ಬರ್ ಟ್ರ್ಯಾಕ್ ಸುತ್ತುತ್ತದೆ. ಟ್ರ್ಯಾಕ್ ಒಳಗಡೆ ಎರಡು ಉದ್ದನೆಯ ಅಲ್ಯೂಮಿನಿಯಂ ಹಳಿಗಳಿರುತ್ತವೆ. ಹಳಿಗಳ ಅಡಿಗೆ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಟ್ರ್ಯಾಕ್ ಜಾರುತ್ತಾ ಹೋಗುತ್ತದೆ. ಹಳಿಗಳನ್ನು ಗಾಡಿಯ ಮೈಗೆ ಜೋಡಿಸುವುದು ಎರಡು ತೋಳುಗಳು, ಮುಂದಿನದೊಂದು, ಹಿಂದಿನದೊಂದು. ಒಂದೊಂದು ತೋಳಿಗೂ ಒಂದೊಂದು ಶಾಕ್. ಹಿಂದಿನ ತೋಳಿಗೆ ಎರಡೂ ಬದಿಯಲ್ಲಿ ತಿರುಚಿಕೊಂಡು ಭಾರ ಹೊರುವ ದಪ್ಪ ಟಾರ್ಶನ್ ಸ್ಪ್ರಿಂಗ್‌ಗಳೂ ಇರುತ್ತವೆ. ಈ ಇಡೀ ಜೋಡಣೆಗೆ ಇಲ್ಲಿಯವರು ಸ್ಕಿಡ್ ಎನ್ನುತ್ತಾರೆ. ಕೂತವರ ಭಾರದಲ್ಲಿ ಬಹುಪಾಲು ಬೀಳುವುದು ಹಿಂದಿನ ತೋಳಿನ ಮೇಲೆ. ದೊಡ್ಡ ಗುದ್ದುಗಳನ್ನು ನುಂಗಬೇಕಾದದ್ದೂ ಹಿಂದಿನ ಶಾಕೇ.

ಟ್ರೇಲ್‌ಗಳನ್ನು ರಾತ್ರಿ ಹೊತ್ತು ಗ್ರೂಮರ್ ಎಂಬ ದೊಡ್ಡ ಯಂತ್ರ ಎಳೆದು ಸಮ ಮಾಡುತ್ತದೆ. ಬೆಳಗ್ಗೆ ಹೋದರೆ ದಾರಿ ನುಣ್ಣಗಿರುತ್ತದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ನೂರಾರು ಗಾಡಿ ಓಡಿ ಸಾಲುಸಾಲು ದಿಬ್ಬ ಎದ್ದಿರುತ್ತವೆ. ಶಾಕ್ ಚೆನ್ನಾಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆ ಹೊತ್ತಿನಲ್ಲಿಯೇ. ನನ್ನ ಗಾಡಿ ಮೊದಲ ದಿಬ್ಬವನ್ನು ದಾಟುತ್ತಿತ್ತು. ಎರಡನೆಯದಕ್ಕೆ ಹಿಂಭಾಗ ಇನ್ನೂ ಕುಣಿಯುತ್ತಿರುತ್ತಿತ್ತು. ಮೂರನೆಯದಕ್ಕೆ ಧಡ್ ಎಂದು ತಳ ತಾಗುತ್ತಿತ್ತು. ಇದು ಬರೀ ಸೊಂಟದ ಮಾತಲ್ಲ. ಹಿಂಭಾಗ ಕುಸಿದು ಕೂತರೆ ಸ್ಕೀಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಆಗ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತದೆ. ಎದುರಿನಿಂದ ಇನ್ನೊಂದು ಗಾಡಿ ಬರುವ ಕುರುಡು ತಿರುವಿನಲ್ಲಿ ಹೀಗಾದರೆ ಏನು ಗತಿ ಅಂತ ಯೋಚಿಸಿದಾಗಲೇ ನಾನು ಗಾಡಿ ನಿಲ್ಲಿಸಿದ್ದು.

ಮನೆಗೆ ಬಂದ ಮೇಲೆ ಒಂದು ಸುಲಭದ ಪರೀಕ್ಷೆ ಮಾಡಿದೆ. ಹಿಂದಿನ ಬಂಪರ್ ಹಿಡಿದು ಗಾಡಿಯನ್ನು ಸ್ವಲ್ಪ ಎತ್ತಿ ಬಿಟ್ಟೆ. ಚೆನ್ನಾಗಿರುವ ಶಾಕ್ ಆದರೆ ಗಾಡಿ ನಿಧಾನವಾಗಿ ಇಳಿದು ಅಲ್ಲೇ ನಿಲ್ಲಬೇಕು. ನನ್ನದು ದಬಕ್ಕನೆ ಬಿದ್ದು ಮತ್ತೆ ಪುಟಿಯಿತು. ಆದರೆ ಎಣ್ಣೆ ಸೋರಿದ ಗುರುತು ಕಾಣಲಿಲ್ಲ. ಅದಕ್ಕೆ ಕಾರಣವಿದೆ. ಓಡಿ ಬಂದ ಗಾಡಿಯ ಸ್ಕಿಡ್ ತುಂಬ ಗಟ್ಟಿ ಹಿಮ ಮೆತ್ತಿಕೊಂಡಿರುತ್ತದೆ, ಒಳಗಿರುವುದೇನೂ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಹೀಟರ್ ಹಾಕಿ ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಹಿಮವೆಲ್ಲ ಕರಗಿ ನೆಲದ ಮೇಲೆ ನೀರಾಗಿತ್ತು. ಆ ನೀರಿನ ಮೇಲೆ ಶಾಕ್‌ನ ನೇರ ಕೆಳಗೆ ಬಣ್ಣಬಣ್ಣದ ಎಣ್ಣೆ ಪೊರೆ ತೇಲುತ್ತಿತ್ತು. ಶಾಕ್‌ನ ರಾಡ್ ಸುತ್ತ ಕಪ್ಪು ಜಿಡ್ಡು, ಅದಕ್ಕೆ ಅಂಟಿಕೊಂಡ ಮರಳು. ಎಣ್ಣೆ ಹೊರಗೆ ಬರದಂತೆ ತಡೆಯುವ ಸೀಲ್ ಹೋಗಿದೆ ಎನ್ನುವುದಕ್ಕೆ ಇನ್ನೇನು ಬೇಕು?

ಒಳಗೆ ಏನಿರುತ್ತದೆ ಅಂತ ತಿಳಿದುಕೊಂಡರೆ ಮುಂದಿನ ಕೆಲಸ ಅರ್ಥವಾಗುತ್ತದೆ. ಶಾಕ್ ಅಂದರೆ ಒಂದು ಕೊಳವೆ. ಅದರ ತುಂಬ ತೆಳು ಎಣ್ಣೆ. ರಾಡ್‌ನ ತುದಿಗೆ ತೂತುಗಳಿರುವ ಪಿಸ್ಟನ್. ಪಿಸ್ಟನ್‌ನ ಎರಡೂ ಬದಿಗೆ ಶಿಮ್ ಎಂಬ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಪಿಸ್ಟನ್ ಓಡುವಾಗ ಎಣ್ಣೆ ಆ ತೂತುಗಳಿಂದ ನುಗ್ಗಿ ಬಿಲ್ಲೆಗಳನ್ನು ಬಾಗಿಸಿಕೊಂಡು ಆಚೆ ಹೋಗಬೇಕು. ಆ ತಡೆಯೇ ಡ್ಯಾಂಪಿಂಗ್. ಕೊಳವೆಯ ಕೊನೆಯಲ್ಲಿ ಇನ್ನೊಂದು ತೇಲುವ ಪಿಸ್ಟನ್ ಇರುತ್ತದೆ. ಅದರ ಆಚೆ ಬದಿಗೆ ನೈಟ್ರೋಜನ್ ಅನಿಲ ತುಂಬಿರುತ್ತಾರೆ. ನನ್ನ ಶಾಕ್‌ಗೆ 200 ಪಿ.ಎಸ್.ಐ. ಒತ್ತಡ. ಕಾರಿನ ಟೈರಿಗೆ ನಾವು ಹಾಕಿಸುವುದು ಮೂವತ್ತು ಚಿಲ್ಲರೆ ಅಷ್ಟೇ. ಇಷ್ಟು ಒತ್ತಡ ಯಾಕೆಂದರೆ ಎಣ್ಣೆಯಲ್ಲಿ ನೊರೆ ಏಳಬಾರದು. ನೊರೆ ಎದ್ದರೆ ಪಿಸ್ಟನ್‌ಗೆ ತಡೆ ಸಿಗುವುದಿಲ್ಲ. ಗಾಳಿಯ ಬದಲು ನೈಟ್ರೋಜನ್ ಯಾಕೆಂದರೆ ಅದರಲ್ಲಿ ತೇವ ಇರುವುದಿಲ್ಲ, ಎಣ್ಣೆಯನ್ನೂ ಕೆಡಿಸುವುದಿಲ್ಲ.

ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ. ಸ್ಪ್ರಿಂಗ್ ಭಾರ ಹೊರುತ್ತದೆ. ಶಾಕ್ ಆ ಸ್ಪ್ರಿಂಗ್ ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಹಿಗ್ಗಬೇಕು ಎಂಬುದನ್ನು ಹಿಡಿತದಲ್ಲಿಡುತ್ತದೆ. ನನ್ನ ಗಾಡಿಯ ಟಾರ್ಶನ್ ಸ್ಪ್ರಿಂಗ್‌ನ ಅಡ್ಜಸ್ಟರ್ ಅತ್ಯಂತ ಬಿಗಿಯಾದ ಸ್ಥಾನದಲ್ಲಿತ್ತು. ನನಗೆ ಮಾರಿದವರು ಹಾಗೆಯೇ ಬಿಟ್ಟಿದ್ದರು. ಶಾಕ್ ಆಗಲೇ ಸೋತಿತ್ತು, ಅದು ಗೊತ್ತಾಗದಿರಲಿ ಅಂತ ಸ್ಪ್ರಿಂಗ್ ಬಿಗಿ ಮಾಡಿದ್ದರು ಎಂದೇ ನನ್ನ ಅನಿಸಿಕೆ. ಹಳೆ ಗಾಡಿ ಕೊಳ್ಳುವಾಗ ಇದನ್ನು ಮೊದಲು ನೋಡಿ. ಬಿಗಿ ಸ್ಪ್ರಿಂಗ್ ಗಾಡಿಯನ್ನು ಎತ್ತರಕ್ಕೆ ನಿಲ್ಲಿಸುತ್ತದೆ, ನೋಡಲು ಚೆನ್ನಾಗಿಯೇ ಕಾಣುತ್ತದೆ. ಓಡಿಸಿದಾಗ ಮಾತ್ರ ಒದೆಯುತ್ತದೆ.

ಶಾಕ್ ಒಂದನ್ನೇ ತೆಗೆಯುವುದಾದರೆ ನನ್ನ ಗಾಡಿಯಲ್ಲಿ ಎರಡು ಬೋಲ್ಟು ಬಿಚ್ಚಿದರೆ ಸಾಕು. ಆದರೂ ಪೂರ್ತಿ ಸ್ಕಿಡ್ ಇಳಿಸಿಬಿಡು ಎಂದವರು ಪಕ್ಕದ ಮನೆಯ ಹಿರಿಯರು. ಇಲ್ಲಿ ಫಿನ್‌ಲೆಂಡ್ ಮೂಲದ ಮನೆತನಗಳು ಬಹಳ. ಅವರೂ ಅದೇ ಮೂಲದವರು. ಚಿಕ್ಕಂದಿನಿಂದ ಸ್ನೋಮೊಬೈಲ್ ಬಿಚ್ಚಿ ಜೋಡಿಸಿದ ಕೈ. "ಬೇಸಿಗೆಯಲ್ಲಿ ಇದನ್ನು ಯಾರೂ ಗ್ರೀಸ್ ಮಾಡಿರುವುದಿಲ್ಲ. ಒಳಗೆ ಏನಾಗಿದೆಯೋ ನೋಡೋಣ" ಅಂದರು. ನನಗೂ ಅದು ಸರಿ ಅನ್ನಿಸಿತು.

ಗಾಡಿಯ ಹಿಂಭಾಗವನ್ನು ಗ್ಯಾರೇಜಿನ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಿಂದ ಎತ್ತಿದೆವು. ಅಡಿಗೆ ಸ್ಟ್ಯಾಂಡ್ ಕೊಟ್ಟೆವು. ಬರೀ ಚೈನ್ ನಂಬಿ ಗಾಡಿ ಕೆಳಗೆ ಕೈ ಹಾಕಬಾರದು. ಹಿಂದಿನ ಆಕ್ಸಲ್ ಸಡಿಲ ಮಾಡಿ, ಎರಡೂ ಕಡೆಯ ಅಡ್ಜಸ್ಟರ್ ಬೋಲ್ಟ್ ಹಿಂದಕ್ಕೆ ತಿರುಗಿಸಿ ಟ್ರ್ಯಾಕ್ ಸಡಿಲಿಸಿದೆ. ಆಮೇಲೆ ಟಾರ್ಶನ್ ಸ್ಪ್ರಿಂಗ್. ಇದರ ಉದ್ದನೆಯ ಕಾಲನ್ನು ಅಡ್ಜಸ್ಟರ್‌ನಿಂದ ಬಿಡಿಸುವಾಗ ಬಹಳ ಜಾಗ್ರತೆ ಬೇಕು. ಅದಕ್ಕೆಂದೇ ಸಿಗುವ ಕೊಕ್ಕೆಯಂಥ ಉಪಕರಣದಿಂದ ಎತ್ತಿ, ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು. ಮುಖ ಆ ಗೆರೆಯಲ್ಲಿ ಇರಬಾರದು. ಜಾರಿದರೆ ಬೆರಳು ಮುರಿಯುವಷ್ಟು ಜೋರು ಅದಕ್ಕಿದೆ.

ಸ್ಕಿಡ್ ಅನ್ನು ಗಾಡಿಗೆ ಹಿಡಿದಿಡುವುದು ನಾಲ್ಕು ಬೋಲ್ಟು, ಬದಿಗೆ ಎರಡೆರಡು. ಎದುರುಬದುರಿನ ಬೋಲ್ಟುಗಳು ಒಂದೇ ಅಡ್ಡ ಶಾಫ್ಟಿಗೆ ಕೂರುತ್ತವೆ. ಒಂದು ಬದಿ ಪೂರ್ತಿ ಬಿಚ್ಚಿಬಿಟ್ಟರೆ ಇನ್ನೊಂದು ಬದಿಯ ಬೋಲ್ಟ್ ಶಾಫ್ಟ್ ಸಮೇತ ಸುಮ್ನೆ ತಿರುಗುತ್ತಾ ಇರುತ್ತದೆ, ಬಿಚ್ಚುವುದೇ ಇಲ್ಲ. "ಎರಡೂ ಕಡೆ ಮೊದಲು ಅರ್ಧ ಸುತ್ತು ಸಡಿಲ ಮಾಡಿಕೊ, ಆಮೇಲೆ ಬಿಚ್ಚು" ಎಂದು ಹಿರಿಯರು ಹೇಳಿಕೊಟ್ಟರು. ಬೋಲ್ಟಿಗೆ ಅಂಟು ಹಾಕಿದ್ದರಿಂದ ಸ್ವಲ್ಪ ಬಿಸಿ ಗಾಳಿ ಕೊಡಬೇಕಾಯಿತು. ನಾಲ್ಕೂ ಬಂದವು. ಸ್ಕಿಡ್ ಮಡಚಿಕೊಂಡು ಟ್ರ್ಯಾಕ್‌ನ ಒಳಗಿಂದ ಹೊರಗೆ ಜಾರಿತು.

ಅದನ್ನು ಬೆಂಚ್ ಮೇಲಿಟ್ಟು ಶಾಕ್ ಕಳಚಿದೆ. ಮೇಲಿನ ಬೋಲ್ಟ್ ಸಲೀಸಾಗಿ ಬಂತು. ಕೆಳಗಿನದು ಬರಲಿಲ್ಲ. ಶಾಕ್‌ನ ಕಣ್ಣಿನೊಳಗಿನ (ತುದಿಯಲ್ಲಿ ಬೋಲ್ಟ್ ತೂರುವ ತೂತಿನೊಳಗಿನ) ಬುಷ್ ಎಂಬ ಸಣ್ಣ ಕೊಳವೆ ಬೋಲ್ಟಿಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಕಾದು, ಪಂಚ್ ಇಟ್ಟು ಬಡಿದು ಹೊರಗೆ ತೆಗೆದೆವು. ಬೋಲ್ಟ್ ಮೇಲೆ ಬೆರಳಾಡಿಸಿದರೆ ನಡುವೆ ಒಂದು ಮೆಟ್ಟಿಲು ಸವೆದಿದ್ದು ಕೈಗೆ ಸಿಗುತ್ತಿತ್ತು.

ಬಿಚ್ಚಿದ ಶಾಕ್ ಅನ್ನು ನೆಲಕ್ಕೆ ನಿಲ್ಲಿಸಿ ಮೇಲಿಂದ ಒತ್ತಿದೆ. ಸೈಕಲ್ ಪಂಪಿನ ವಾಷರ್ ಹೋದಾಗ ಹಿಡಿಕೆ ಹೇಗೆ ಸುಮ್ಮನೆ ಒಳಗೆ ಹೋಗುತ್ತದೆಯೋ ಹಾಗೆ ಮೊದಲ ಎರಡು ಇಂಚು ಹೋಯಿತು. ಆಮೇಲೆ ಸ್ವಲ್ಪ ತಡೆ. ಬಿಟ್ಟರೆ ರಾಡ್ ತಾನಾಗಿ ಹೊರಗೆ ಬರಲಿಲ್ಲ. ಗ್ಯಾಸ್ ಇರುವ ಶಾಕ್ ಆದರೆ ರಾಡ್ ನಿಧಾನವಾಗಿ, ಒಂದೇ ವೇಗದಲ್ಲಿ ಹೊರಗೆ ಬರಬೇಕು. ಅಂದರೆ ಎಣ್ಣೆಯೂ ಹೋಗಿದೆ, ಗ್ಯಾಸೂ ಹೋಗಿದೆ.

ರಾಡ್ ಒರೆಸಿ ಬೆಳಕಿಗೆ ಹಿಡಿದೆ. ಒಂದು ಬದಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಕಿರುಬೆರಳಿನಷ್ಟು ಅಗಲದ ಮಂಕು ಪಟ್ಟೆ. ಕ್ರೋಮ್ ಸವೆದು ಒಳಗಿನ ಉಕ್ಕು ಕಾಣುತ್ತಿತ್ತು. ಪಟ್ಟೆಯ ಉದ್ದಕ್ಕೂ ಸಾಸಿವೆಗಿಂತ ಚಿಕ್ಕ ತುಕ್ಕಿನ ಗುಳಿಗಳು. ಉಗುರು ಎಳೆದರೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ಆ ಗುಳಿಯ ಅಂಚು ಸೀಲ್‌ನ ತುಟಿಯನ್ನು ಮತ್ತೆ ಕೊಯ್ಯುತ್ತದೆ.

ದಾವಣಗೆರೆಯಲ್ಲಿ ನಮ್ಮಣ್ಣನ ಬೈಕ್ ಗ್ಯಾರೇಜ್ ಇದೆ. ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅಣ್ಣ ಹಿಮ ನೋಡಿದವನಲ್ಲ, ಈ ಗಾಡಿಯನ್ನೂ ನೋಡಿದವನಲ್ಲ. ಆದರೆ ಶಾಕಿನ ರಾಡ್‌ಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದಾನೆ. ಕ್ಯಾಮೆರಾ ಹತ್ತಿರ ಹಿಡಿ ಅಂದ. ತಿರುಗಿಸು ಅಂದ. ಆಮೇಲೆ ಹೇಳಿದ: "ಒಂದೇ ಕಡೆ ಸವೆದಿದೆ ನೋಡೋ. ಇದು ಶಾಕಿನ ತಪ್ಪಲ್ಲ. ಎಲ್ಲೋ ಬುಷ್ ಹಿಡ್ಕೊಂಡಿದೆ. ರಾಡ್ ನೆಟ್ಟಗೆ ಓಡೋ ಬದ್ಲು ಪಕ್ಕಕ್ಕೆ ಒತ್ಕೊಂಡು ಓಡಿದೆ. ಆ ಬುಷ್ ಸರಿ ಮಾಡ್ದೆ ಹೊಸ ಶಾಕ್ ಹಾಕಿದ್ರೆ ಅದಕ್ಕೂ ಇದೇ ಗತಿ."

ಅಣ್ಣನ ಮಾತು ಕೇಳಿ ಸ್ಕಿಡ್ ಕಡೆ ತಿರುಗಿದೆ. ಶಾಕೂ ಇಲ್ಲ, ಸ್ಪ್ರಿಂಗೂ ಇಲ್ಲ. ಈಗ ಹಿಂದಿನ ತೋಳು ಸ್ವತಂತ್ರವಾಗಿ ಆಡಬೇಕು. ಎತ್ತಿ ಬಿಟ್ಟೆ. ಎತ್ತಿದ ಜಾಗದಲ್ಲೇ ನಿಂತುಕೊಂಡಿತು. ಕೈಯಿಂದ ಜೋರಾಗಿ ಒತ್ತಿದರೆ ಕಿರ್ ಅಂತ ಇಳಿಯಿತು. ತೋಳು ಆಡುವ ಕೀಲು, ಅಂದರೆ ಪಿವಟ್, ಬಿಚ್ಚಿದಾಗ ಒಳಗೆ ಗ್ರೀಸ್ ಇರಲಿಲ್ಲ. ಕೆಂಪು ತುಕ್ಕಿನ ಹುಡಿ ಇತ್ತು, ಅದರ ಜೊತೆ ನೀರು. ಒಂದು ಬದಿಯ ಬುಷ್ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು, ಇನ್ನೊಂದು ಬದಿಯದು ಬಿಗಿಯಾಗಿ ಹಿಡಿದುಕೊಂಡಿತ್ತು. ತೋಳು ಓರೆಯಾಗಿ ಆಡುತ್ತಿತ್ತು. ಕೆಳಗಿನ ಕಣ್ಣು ಬೋಲ್ಟಿಗೆ ಕಚ್ಚಿಕೊಂಡಿದ್ದರಿಂದ ಶಾಕ್ ಆ ಓರೆಗೆ ತಕ್ಕಂತೆ ತಿರುಗಲು ಆಗುತ್ತಿರಲಿಲ್ಲ. ಎಲ್ಲ ಒತ್ತಡವೂ ರಾಡ್‌ನ ಒಂದು ಬದಿಗೆ ಬೀಳುತ್ತಿತ್ತು. ಕ್ರೋಮ್ ಹೋಯಿತು, ಸೀಲ್ ಹೋಯಿತು, ಎಣ್ಣೆ ಹೋಯಿತು. ಇಷ್ಟಕ್ಕೆಲ್ಲ ಬೇರು ಎಲ್ಲಿದೆ ಎಂದರೆ ಟ್ರ್ಯಾಕ್‌ನ ಒಳಗೆ ಮರೆಯಾಗಿ ಕೂತಿರುವ ಒಂದು ಗ್ರೀಸ್ ನಿಪ್ಪಲ್‌ನಲ್ಲಿ (ಗ್ರೀಸ್ ತುಂಬುವ ಸಣ್ಣ ಮೂತಿ). ಅದರ ಬಾಯಿ ಮಣ್ಣು ಕಟ್ಟಿ ಮುಚ್ಚಿಹೋಗಿತ್ತು.

ಆ ಮಧ್ಯಾಹ್ನ ಹಿರಿಯರ ಮನೆಯಿಂದ ಪ್ಯಾಸ್ಟಿ ಬಂತು. ಆಲೂಗಡ್ಡೆ, ಮಾಂಸ, ರುಟಬೇಗಾ ಗೆಡ್ಡೆ ತುಂಬಿ ಬೇಯಿಸಿದ ದೊಡ್ಡ ಕಡುಬು. ಇಲ್ಲಿನ ತಾಮ್ರದ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರು ತಂದ ತಿಂಡಿ ಅದು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಅದೇ ಕಾರ್ನ್‌ವಾಲ್‌ನಿಂದ ಜನ ಬಂದಿದ್ದರು. ಈ ವಿಷಯ ಹೇಳಿದಾಗ ಹಿರಿಯರು ತಿನ್ನುವುದು ನಿಲ್ಲಿಸಿ ಕೆ.ಜಿ.ಎಫ್. ಬಗ್ಗೆ ಎಷ್ಟೋ ಹೊತ್ತು ಕೇಳಿದರು. ಗಣಿ ಎಷ್ಟು ಆಳ, ಯಾವಾಗ ಮುಚ್ಚಿತು, ಮುಚ್ಚಿದ ಮೇಲೆ ಜನ ಎಲ್ಲಿ ಹೋದರು ಅಂತ. ಗಣಿ ಮುಚ್ಚಿದ ಊರಿನ ಸಂಕಟ ಅವರಿಗೆ ಚೆನ್ನಾಗಿ ಗೊತ್ತು.

ಈಗ ಹೊಸ ಶಾಕೋ, ರಿಪೇರಿಯೋ? ಹೊಸದಕ್ಕೆ ಮುನ್ನೂರು ಡಾಲರ್ ಮೇಲಾಗುತ್ತಿತ್ತು. ಎಲ್ಲ ಶಾಕ್‌ಗಳನ್ನೂ ಬಿಚ್ಚಲು ಬರುವುದಿಲ್ಲ ಎಂಬುದು ನೆನಪಿರಲಿ. ಕೊಳವೆಯ ಬಾಯಿಯನ್ನು ಮಡಚಿ ಶಾಶ್ವತವಾಗಿ ಮುಚ್ಚಿದ್ದರೆ ಅದನ್ನು ಬದಲಾಯಿಸುವುದೊಂದೇ ದಾರಿ. ಗ್ಯಾಸ್ ತುಂಬುವ ವಾಲ್ವ್ ಇದ್ದು, ಮೇಲಿನ ಮುಚ್ಚಳಕ್ಕೆ ಥ್ರೆಡ್ ಅಥವಾ ಸರ್ಕ್ಲಿಪ್ (ಬಿಚ್ಚಬಹುದಾದ ಉಕ್ಕಿನ ಉಂಗುರ) ಇದ್ದರೆ ರಿಪೇರಿ ಮಾಡಬಹುದು. ನನ್ನದು ಥ್ರೆಡ್ ಇರುವುದು. ರಾಡ್ ಬಿಡಿಯಾಗಿ ಸಿಗುತ್ತಿತ್ತು, ಸೀಲ್ ಕಿಟ್ಟೂ ಸಿಗುತ್ತಿತ್ತು. ಎರಡೂ ಸೇರಿ ಹೊಸ ಶಾಕಿನ ಬೆಲೆಯ ಅರ್ಧವೂ ಆಗಲಿಲ್ಲ. ಕೊಳವೆಯ ಒಳಮೈ ಚೆನ್ನಾಗಿದ್ದರೆ ಮಾತ್ರ ಇದು ಲಾಭ. ಒಳಗೂ ಗೀರು ಬಿದ್ದಿದ್ದರೆ ಹೊಸದನ್ನೇ ತೆಗೆದುಕೊಳ್ಳಿ.

ಶಾಕ್ ತೆರೆಯುವ ಮೊದಲು ಗ್ಯಾಸ್ ಬಿಡಬೇಕು. ಒಳಗೆ ಏನೂ ಉಳಿದಿಲ್ಲ ಎಂದು ಅನ್ನಿಸಿದರೂ ಬಿಡಬೇಕು. ಕಣ್ಣಿಗೆ ಕನ್ನಡಕ ಹಾಕಿ, ವಾಲ್ವ್ ಬಾಯಿಯನ್ನು ಮುಖದಿಂದ ಆಚೆ ತಿರುಗಿಸಿ ಒತ್ತಿದೆ. ಸಣ್ಣಗೆ ಒಮ್ಮೆ ಉಸ್ ಎಂದು ನಿಂತಿತು. ಕೊಳವೆಯನ್ನು ವೈಸ್‌ಗೆ ಹಾಕುವಾಗ ಎರಡೂ ಕಡೆ ಮರದ ತುಂಡು ಕೊಟ್ಟೆ, ಇಲ್ಲದಿದ್ದರೆ ಕೊಳವೆ ನಜ್ಜಾಗುತ್ತದೆ. ಮುಚ್ಚಳ ತಿರುಗಿಸಿ ರಾಡ್ ಎಳೆದಾಗ ಬಂದ ಎಣ್ಣೆ ಕೊಳವೆಯ ಅರ್ಧದಷ್ಟೂ ಇರಲಿಲ್ಲ. ಬಣ್ಣ ಬೂದಿ, ಸುಟ್ಟ ವಾಸನೆ. ತಟ್ಟೆಗೆ ಸುರಿದು ಟಾರ್ಚ್ ಹಿಡಿದರೆ ಅಲ್ಯೂಮಿನಿಯಂ ಹುಡಿ ಮಿನುಗುತ್ತಿತ್ತು. ಕೊಳವೆ ಒರೆಸಿ ಒಳಗೆ ನೋಡಿದೆ. ಅದೃಷ್ಟಕ್ಕೆ ಒಳಮೈ ನುಣ್ಣಗಿತ್ತು.

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಶಿಮ್‌ಗಳ ಭಾಗ. ಪಿಸ್ಟನ್‌ನ ನಟ್ಟು ಬಿಚ್ಚಿದರೆ ಬಿಲ್ಲೆಗಳು ಒಂದೊಂದಾಗಿ ಬರುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ, ನಡುವೆ ಮತ್ತೆ ಒಂದು ಚಿಕ್ಕದು. ದಪ್ಪದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಮೈಕ್ರೋಮೀಟರ್ ಬೇಕು. ಈ ಸಾಲಿನಲ್ಲಿ ಒಂದು ಬಿಲ್ಲೆ ಅದಲುಬದಲಾದರೂ ಗಾಡಿಯ ನಡೆ ಬದಲಾಗುತ್ತದೆ. ಹಾಗಾಗಿ ರಾಡ್‌ನಿಂದ ತೆಗೆದ ಹಾಗೇ ಒಂದು ತಂತಿಗೆ ಪೋಣಿಸಿ ತುದಿ ಮಡಚಿದೆ. ಯಾವ ಬದಿ ಮೇಲೆ ಅಂತ ಟೇಪ್ ಅಂಟಿಸಿ ಬರೆದೆ, ಫೋಟೊ ತೆಗೆದೆ. ಒಂದೊಂದನ್ನೂ ಒರೆಸಿ ಗಾಜಿನ ಮೇಲಿಟ್ಟು ಬಾಗಿದೆಯಾ ಅಂತ ನೋಡಿದೆ. ಎಲ್ಲವೂ ಚಪ್ಪಟೆಯಾಗಿಯೇ ಇದ್ದವು. ಇಷ್ಟು ವರ್ಷ ಬಾಗಿ ಬಾಗಿ ನೆಟ್ಟಗಾದ ಬಿಲ್ಲೆಗಳು ಅವು. ಅಷ್ಟು ದೊಡ್ಡ ಗಾಡಿಯ, ಅದರ ಮೇಲೆ ಕೂತ ಮನುಷ್ಯನ ಭಾರವನ್ನೆಲ್ಲ ಇಷ್ಟು ತೆಳು ತಗಡು ಪಳಗಿಸುತ್ತದೆಯಲ್ವಾ ಎಂದು ನಿಜಕ್ಕೂ ಬೆರಗಾದೆ.

ಹೊಸ ರಾಡ್‌ಗೆ ಸೀಲ್ ತೂರಿಸುವಾಗ ಅದರ ತುದಿಯ ಥ್ರೆಡ್ ಸೀಲ್‌ನ ತುಟಿ ಕೊಯ್ಯದ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ಬುಲೆಟ್ ಆಕಾರದ ಒಂದು ಟೋಪಿ ಸಿಗುತ್ತದೆ. ಅದಿಲ್ಲದವರು ಥ್ರೆಡ್‌ಗೆ ನುಣುಪಾದ ಟೇಪ್ ಸುತ್ತಿ ಎಣ್ಣೆ ಸವರಿದರೂ ನಡೆಯುತ್ತದೆ. ತೇಲುವ ಪಿಸ್ಟನ್‌ಗೆ ಹೊಸ ಓ-ರಿಂಗ್ ಹಾಕಿ, ತಯಾರಕರು ಹೇಳಿರುವ ಆಳಕ್ಕೆ ಅಳತೆ ಮಾಡಿ ಕೂರಿಸಿದೆ. ಈ ಆಳ ಅಂದಾಜಿನಲ್ಲಿ ಮಾಡುವಂಥದ್ದಲ್ಲ. ಕಡಿಮೆ ಜಾಗ ಬಿಟ್ಟರೆ ರಾಡ್ ಒಳಗೆ ಬಂದಾಗ ಎಣ್ಣೆಗೆ ಹೋಗಲು ಎಡೆ ಇರುವುದಿಲ್ಲ. ಆಮೇಲೆ ಎಣ್ಣೆ. ಸುರಿದು ಸುಮ್ಮನೆ ಬಿಟ್ಟೆ, ಗುಳ್ಳೆಗಳು ಮೇಲೆ ಬಂದವು. ಪಿಸ್ಟನ್ ಇಳಿಸಿ ತೀರಾ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದೆ. ಮತ್ತೆ ಗುಳ್ಳೆ. ಮತ್ತೆ ಕಾದೆ. ಒಂದು ಗುಳ್ಳೆಯೂ ಬರದಾದಾಗ ಅಂಚಿನವರೆಗೆ ಎಣ್ಣೆ ತುಂಬಿ, ಉಕ್ಕಿ ಹರಿಯುತ್ತಿರುವಾಗಲೇ ಮುಚ್ಚಳ ತಿರುಗಿಸಿದೆ. ಇಲ್ಲಿ ಅವಸರ ಮಾಡಿದರೆ ಒಳಗೆ ಗಾಳಿ ಉಳಿದು ಎಲ್ಲ ಕೆಲಸವೂ ನೀರುಪಾಲು.

ನೈಟ್ರೋಜನ್ ಮನೆಯಲ್ಲಿ ಇಲ್ಲ. ಊರಿನ ಒಂದು ಅಂಗಡಿಗೆ ಒಯ್ದು ತುಂಬಿಸಿದೆ. ಅಲ್ಲಿಯ ಮೆಕ್ಯಾನಿಕ್ ತುಂಬಿದ ಮೇಲೆ ಶಾಕ್ ಅನ್ನು ನೀರಿನಲ್ಲಿ ಮುಳುಗಿಸಿ ತೋರಿಸಿದರು. ಎಲ್ಲೂ ಗುಳ್ಳೆ ಬರಲಿಲ್ಲ. ಕೈಯಿಂದ ರಾಡ್ ಒತ್ತಿದೆ. ಬಹಳ ಶಕ್ತಿ ಹಾಕಬೇಕಾಯಿತು. ಬಿಟ್ಟಾಗ ನಿಧಾನವಾಗಿ, ಎಲ್ಲೂ ಎಡವದೆ ಹೊರಗೆ ಬಂತು.

ಬುಷ್‌ಗಳ ಕೆಲಸಕ್ಕೆ ಶಾಕ್‌ಗಿಂತ ಜಾಸ್ತಿ ಹೊತ್ತು ಹಿಡಿಯಿತು. ಪಿವಟ್ ಶಾಫ್ಟಿನ ತುಕ್ಕನ್ನು ಉಜ್ಜಿ ನುಣ್ಣಗೆ ಮಾಡಿದೆ. ಹೊಸ ಬುಷ್ ಕೂರಿಸಿದೆ. ಮುಚ್ಚಿದ್ದ ನಿಪ್ಪಲ್ ಬದಲಾಯಿಸಿದೆ. ಚಳಿಗೆ ಗಟ್ಟಿಯಾಗದ, ನೀರಿಗೆ ತೊಳೆದು ಹೋಗದ ಗ್ರೀಸನ್ನೇ ತಂದಿದ್ದೆ. ಗನ್ ಒತ್ತಿದಂತೆಲ್ಲ ಬುಷ್‌ನ ಎರಡೂ ಅಂಚಿನಿಂದ ಗ್ರೀಸ್ ಹೊರಗೆ ಬರುವವರೆಗೂ ತುಂಬಿದೆ. ಶಾಕ್‌ನ ಕೆಳಗಿನ ಕಣ್ಣಿಗೂ ಹೊಸ ಬುಷ್, ಹೊಸ ಬೋಲ್ಟ್. ಶಾಕ್ ಹಾಕುವ ಮೊದಲು ತೋಳು ಎತ್ತಿ ಬಿಟ್ಟೆ. ತನ್ನ ಭಾರಕ್ಕೆ ತಾನೇ ಸರಾಗವಾಗಿ ಬಿತ್ತು. ಹಿರಿಯರು ತಾವೂ ಒಮ್ಮೆ ಎತ್ತಿ ಬಿಟ್ಟು ನೋಡಿದರು. ಶಾಕ್ ಬದಲಾಯಿಸುವವರು ಬೇರೇನು ಬಿಟ್ಟರೂ ಈ ಪರೀಕ್ಷೆಯನ್ನು ಬಿಡಬೇಡಿ. ಅಂಗಡಿಗೆ ಕೊಟ್ಟರೂ ಇದನ್ನು ನೋಡಿದಿರಾ ಅಂತ ಕೇಳಿ.

ಸ್ಕಿಡ್ ಮತ್ತೆ ಒಳಗೆ ಕೂರಿಸುವುದು ಬೆವರು ಹರಿಸುವ ಕೆಲಸ. ಮುಂದಿನ ಬೋಲ್ಟುಗಳು ಬೇಗ ಕೂತವು. ಹಿಂದಿನ ತೂತುಗಳು ಸಾಲಿಗೆ ಬರಬೇಕಾದರೆ ಸ್ಕಿಡ್ ಸ್ವಲ್ಪ ಕುಗ್ಗಬೇಕು. ರ‍್ಯಾಚೆಟ್ ಪಟ್ಟಿಯನ್ನು ಹಳಿಗೂ ತೋಳಿಗೂ ಸುತ್ತಿ ಬಿಗಿದೆವು, ಒಬ್ಬರು ಪಟ್ಟಿ ಎಳೆಯುವುದು, ಒಬ್ಬರು ಬೋಲ್ಟ್ ತೂರಿಸುವುದು. ಬೋಲ್ಟ್‌ಗಳಿಗೆ ಥ್ರೆಡ್ ಅಂಟು ಹಾಕಿ ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿದೆ. ಮುಂದಿನ ತೋಳು ತೀರಾ ಕೆಳಗಿಳಿಯದಂತೆ ತಡೆಯುವ ಲಿಮಿಟರ್ ಪಟ್ಟಿ ಹರಿದಿದೆಯಾ ಅಂತಲೂ ನೋಡಿದೆ, ಚೆನ್ನಾಗಿತ್ತು.

ಟ್ರ್ಯಾಕ್ ಬಿಗಿ ನೋಡುವುದಕ್ಕೆ ಹಳಿಯ ನಡುಭಾಗದಲ್ಲಿ ಟ್ರ್ಯಾಕ್‌ಗೆ ಹತ್ತು ಪೌಂಡಿನ ತೂಕ ತೂಗುಹಾಕಿ, ಪ್ಲಾಸ್ಟಿಕ್ ಪಟ್ಟಿಗೂ ಟ್ರ್ಯಾಕ್‌ಗೂ ನಡುವಿನ ಸಂದು ಅಳೆಯುತ್ತಾರೆ. ಗಾಡಿಯಿಂದ ಗಾಡಿಗೆ ಈ ಅಳತೆ ಬೇರೆ, ನನ್ನದಕ್ಕೆ ಸುಮಾರು ಒಂದು ಇಂಚು. ನಂತರ ಹಿಂಭಾಗ ಎತ್ತಿದ ಸ್ಥಿತಿಯಲ್ಲೇ ಎಂಜಿನ್ ಹಾಕಿ ನಿಧಾನ ತಿರುಗಿಸಿ, ಟ್ರ್ಯಾಕ್ ನಡುವಿನಲ್ಲೇ ಓಡುತ್ತಿದೆಯಾ ಎಂದು ನೋಡಬೇಕು. ಆಗ ಹಿಂದುಗಡೆ ಯಾರೂ ನಿಲ್ಲಬಾರದು. ಟ್ರ್ಯಾಕ್‌ಗೆ ಸಿಕ್ಕ ಒಂದು ಕಲ್ಲು ಸಾಕು.

ಕೊನೆಗೆ ಸ್ಪ್ರಿಂಗ್. ಅಡ್ಜಸ್ಟರ್ ಅನ್ನು ನಡುವಿನ ಸ್ಥಾನಕ್ಕೆ ಇಳಿಸಿದೆ. ಜಾಕೆಟ್, ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಗಾಡಿ ಮೇಲೆ ಕೂತೆ. ಹಿರಿಯರು ಬಂಪರ್‌ನಿಂದ ನೆಲದವರೆಗೆ ಟೇಪ್ ಹಿಡಿದರು. ಕೂತಾಗ ಎಷ್ಟು ಇಳಿಯುತ್ತದೆ ಎಂಬುದು ಹಿಂಭಾಗ ಮೇಲೆ ಕೆಳಗೆ ಆಡಬಲ್ಲ ಒಟ್ಟು ದೂರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇರಬೇಕು. ಸರಿಯಾಗಿ ಅಲ್ಲಿಗೇ ಬಂತು. ಹಳೆಯ ಬಿಗಿಯಲ್ಲಿ ಅದು ಇಳಿಯುತ್ತಲೇ ಇರಲಿಲ್ಲ.

ಶನಿವಾರ ಮಧ್ಯಾಹ್ನವೇ ಹೊರಟೆ, ದಾರಿ ಹಾಳಾಗಿರುವ ಹೊತ್ತು ನೋಡಿಕೊಂಡು. 1959ರ ಆ ಲಿಫ್ಟ್ ಬ್ರಿಜ್‌ನ ಕೆಳಗಿನ ಅಂತಸ್ತು ದಾಟಿ, ಹ್ಯಾನ್‌ಕಾಕ್ ಏರು ಹತ್ತಿ, ಕ್ಯಾಲ್ಯುಮೆಟ್ ಕಡೆಯ ಟ್ರೇಲ್ ಹಿಡಿದೆ. ದಿಬ್ಬಗಳ ಸಾಲು ಬಂತು. ಮೊದಲನೆಯದಕ್ಕೆ ಹಿಂಭಾಗ ಕುಗ್ಗಿತು, ಎದ್ದಿತು, ನಿಂತಿತು. ಎರಡನೆಯದಕ್ಕೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ತಿರುವಿನಲ್ಲಿ ಸ್ಕೀ ಹಿಮವನ್ನು ಕಚ್ಚಿ ಹಿಡಿದದ್ದು ಹ್ಯಾಂಡಲ್‌ನಲ್ಲೇ ಗೊತ್ತಾಯಿತು. ನನಗೆ ಬಹಳ ಖುಷಿಯಾಯಿತು.

ವಾಪಸು ಬಂದು ಹಿಮ ಕರಗಿದ ಮೇಲೆ ಬಿಳಿ ಬಟ್ಟೆಯಿಂದ ರಾಡ್ ಒರೆಸಿದೆ. ಎಣ್ಣೆಯ ಸುಳಿವಿರಲಿಲ್ಲ. ಬೋಲ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿದೆ, ಎಲ್ಲ ಬಿಗಿಯಾಗಿಯೇ ಇದ್ದವು. ನಿಪ್ಪಲ್‌ಗಳು ಎಲ್ಲೆಲ್ಲಿವೆ ಅಂತ ಚಿತ್ರ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ, ಮುಂದೆ ಈ ಗಾಡಿ ಯಾರ ಕೈಗೆ ಹೋದರೂ ಆ ಹಾಳೆಯನ್ನು ಜೊತೆಗೇ ಕೊಡುವವನಿದ್ದೇನೆ. ಅದೇ ಬಟ್ಟೆಯಿಂದ ಮುಂದಿನ ತೋಳಿನ ಶಾಕ್ ಒರೆಸಿದಾಗ ಮಾತ್ರ ಸಣ್ಣ ಕಪ್ಪು ಗೆರೆಯೊಂದು ಬಂತು. ಅದರ ರಾಡ್‌ಗೆ ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹಾಗಾಗಿ ಸೀಲ್ ಕಿಟ್ ಒಂದನ್ನೇ ತರಿಸಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಟ್ರೇಲ್ ಮುಚ್ಚಿದ ಮೇಲೆ ಅದನ್ನು ಬಿಚ್ಚುತ್ತೇವೆ.